ಮಗಳಿಗೊಂದು ಪತ್ರ: ಕಪ್ಪು ಪಟ್ಟಿ ಕಟ್ಟುವ ಮುಂಚೆ

ಹಾಸನ
ಬುಧವಾರ ರಾತ್ರಿ

ಪುಟ್ಟಿ,

ಭಾನುವಾರ ಚಿಕ್ಕಮಗಳೂರಿನ ಕ್ರಿಕೆಟ್ ಪಂದ್ಯಕ್ಕೆ ಮುಂಚೆ ನಿಮ್ಮ ನೆಚ್ಚಿನ ಆಟಗಾರ್ತಿಯ ತಾಯಿಗೆ ಶ್ರದ್ಧಾಂಜಲಿ ಮಾಡಬೇಕು, ಏನೇನು ಬೇಕು ಹೇಳು ಅಂದೆಯಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಮೂರು ದಿನ ಕೈಯಲ್ಲಿದೆ, ಸಾಕು.

ಮೊದಲು ಆ ಪದವನ್ನೇ ಬದಲಾಯಿಸಿ. ಶ್ರದ್ಧಾಂಜಲಿ ಹೋದವರಿಗೆ, ಸಂತಾಪ ಉಳಿದವರಿಗೆ. ನಿಮ್ಮ ಬಳಗದ ಯಾರೂ ಆ ತಾಯಿಯನ್ನು ಕಂಡವರಲ್ಲ, ಮಗಳ ಆಟ ಕಂಡವರು. ಆದ್ದರಿಂದ ಬೋರ್ಡಿನ ಮೇಲೂ ಮೈಕಿನಲ್ಲೂ ‘ಸಂತಾಪ’ ಇರಲಿ. ಇದು ಬರೀ ಪದದ ತಕರಾರಲ್ಲ ಕಣೇ. ಶ್ರದ್ಧಾಂಜಲಿ ಅಂದ ಕೂಡಲೇ ಫೋಟೋ ಬೇಕು, ಹಾರ ಬೇಕು, ಆ ಫೋಟೋಗಾಗಿ ಯಾರೋ ಒಬ್ಬರು ಆ ಮನೆಗೆ ಫೋನ್ ಮಾಡಬೇಕು. ಸಂತಾಪಕ್ಕೆ ಇದ್ಯಾವುದೂ ಬೇಡ. ನೀವು ಮಾಡುವ ಯಾವ ಕೆಲಸಕ್ಕೂ ಆ ಮನೆಯವರು ಫೋನ್ ಎತ್ತುವ, ಬಾಗಿಲು ತೆಗೆಯುವ, ‘ಥ್ಯಾಂಕ್ಸ್’ ಅನ್ನುವ ಪ್ರಮೇಯ ಬರಬಾರದು.

ನಿಮ್ಮ ಜಿಲ್ಲೆಯದೇ ಉದಾಹರಣೆ ನೋಡು. ಕಡೂರಿನ ವೇದಾ ಕೃಷ್ಣಮೂರ್ತಿ, 2017ರ ವಿಶ್ವಕಪ್‌ನಲ್ಲಿ ಡರ್ಬಿಯಲ್ಲಿ ನ್ಯೂಜಿಲೆಂಡ್ ಮೇಲೆ 45 ಎಸೆತಕ್ಕೆ 70 ಬಾರಿಸಿದವರು. 2021ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಅವರ ತಾಯಿ ಹೋದರು, ಎರಡು ವಾರದೊಳಗೆ ಅಕ್ಕನೂ ಹೋದರು. ತಾಯಿ ತೀರಿದಾಗ ವೇದಾ ಬಂದ ಸಂದೇಶಗಳಿಗೆ ಕೃತಜ್ಞತೆ ಹೇಳಿ, ಅಕ್ಕನಿಗಾಗಿ ಪ್ರಾರ್ಥಿಸುತ್ತಿದ್ದೇವೆ, ನಮ್ಮ ಖಾಸಗಿತನ ಗೌರವಿಸಿ ಎಂದು ಬರೆದಿದ್ದರು. ಅಂದರೆ ಅಭಿಮಾನಿಗಳು ಬರೆದದ್ದು ಅವರನ್ನು ಮುಟ್ಟಿತ್ತು, ಆದರೆ ಅಷ್ಟಕ್ಕೇ ನಿಲ್ಲಬೇಕಿತ್ತು. ಅದೇ ಮೇ ತಿಂಗಳಲ್ಲಿ ಇಂಗ್ಲೆಂಡ್ ಪ್ರವಾಸದ ತಂಡದಲ್ಲಿ ಅವರ ಹೆಸರಿರಲಿಲ್ಲ. ಕ್ರಿಕೆಟ್ ಮಂಡಳಿ ಆಕೆಯನ್ನು ಹೇಗಿದ್ದೀರಿ ಎಂದೂ ಕೇಳಿಲ್ಲ ಎಂದು ಆಸ್ಟ್ರೇಲಿಯಾದ ಮಾಜಿ ನಾಯಕಿ ಲಿಸಾ ಸ್ಥಾಲೇಕರ್ ಬಹಿರಂಗವಾಗಿಯೇ ಬೇಸರ ತೋಡಿಕೊಂಡರು. ಆಮೇಲೆ ಮಂಡಳಿಯ ಕಾರ್ಯದರ್ಶಿ ಕರೆ ಮಾಡಿದ್ದಕ್ಕೆ ವೇದಾ ವಂದನೆ ಹೇಳಿದರು. ವಿಚಾರಿಸುವ ಹೊಣೆ ಇದ್ದವರು ವಿಚಾರಿಸಬೇಕು. ಆ ಹೊಣೆ ನಿಮ್ಮದಲ್ಲ, ನಿಮ್ಮ ಪಾಲಿನದು ದೂರದಿಂದ ತಲೆ ಬಾಗುವುದು.

ಸುದ್ದಿ ಖಚಿತವೇ ಅಂತ ಇವತ್ತೇ ಇನ್ನೊಂದು ಸಲ ನೋಡು. ಆಟಗಾರ್ತಿಯದೇ ಬರಹ, ಅಥವಾ ಅವರ ತಂಡದ್ದೋ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಅಂದರೆ ಕೆಎಸ್‌ಸಿಎಯದ್ದೋ ಪ್ರಕಟಣೆ ಇರಬೇಕು. ಗುಂಪಿನಿಂದ ಗುಂಪಿಗೆ ಫಾರ್ವರ್ಡ್ ಆಗಿ ಬಂದದ್ದು ಲೆಕ್ಕಕ್ಕಿಲ್ಲ. ತಪ್ಪಾಗುವುದು ಸಾಮಾನ್ಯವಾಗಿ ಮೂರು ಕಡೆ: ಐಸಿಯುನಲ್ಲಿರುವವರನ್ನು ‘ಇನ್ನಿಲ್ಲ’ ಅಂದುಬಿಡುತ್ತಾರೆ, ಅತ್ತೆಯನ್ನೋ ದೊಡ್ಡಮ್ಮನನ್ನೋ ತಾಯಿ ಅನ್ನುತ್ತಾರೆ, ಇಲ್ಲವೇ ಯಾವುದೋ ಮದುವೆ ಫೋಟೋದಿಂದ ಬೇರೆ ಯಾರದೋ ಮುಖ ಕತ್ತರಿಸಿ ಹಾಕುತ್ತಾರೆ. ಮೂರನೆಯದನ್ನು ತಿದ್ದಲು ಸಾಧ್ಯವೇ ಇಲ್ಲ, ಅದು ಆಗಲೇ ಊರೆಲ್ಲ ಸುತ್ತಿರುತ್ತದೆ.

ಫ್ಲೆಕ್ಸ್ ಬೇಡ. ಆಜಾದ್ ಪಾರ್ಕ್ ಸರ್ಕಲ್‌ನಲ್ಲಿ ಕಟ್ಟೋಣ ಅಂತ ಯಾರಾದರೂ ಅನ್ನದೆ ಇರುವುದಿಲ್ಲ. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ 2016ರ ಮಾರ್ಚ್‌ನಿಂದಲೇ ನಿಷೇಧ ಇದೆ ಅನ್ನು. ಅದಕ್ಕೂ ಬಗ್ಗದಿದ್ದರೆ ನಮ್ಮೂರುಗಳ ಫ್ಲೆಕ್ಸ್ ಹೇಗಿರುತ್ತೆ ನೆನಪಿಸು: ಮೇಲೆ ಹೋದವರ ಮಸುಕು ಫೋಟೋ, ಅದರ ಕೆಳಗೆ ಕೂಲಿಂಗ್ ಗ್ಲಾಸ್ ಹಾಕಿದ ಹದಿನಾರು ಜನ ಹಿತೈಷಿಗಳು, ಅವರ ಮುಖ ಮಾತ್ರ ನಿಚ್ಚಳ. ಅದರ ಬದಲು ಕಾಲೇಜಿನಿಂದ ಒಂದು ಕರಿಹಲಗೆ ತರಿಸಿ ಸ್ಕೋರರ್ ಮೇಜಿನ ಪಕ್ಕ ನಿಲ್ಲಿಸಿ. ಹಿಂದಿನ ರಾತ್ರಿಯೇ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿರಬೇಕು, ಹಸಿ ಹಲಗೆಯ ಮೇಲೆ ಸೀಮೆಸುಣ್ಣ ಹತ್ತುವುದಿಲ್ಲ, ಒಣಗಿದ ಮೇಲೆ ಕಲೆಕಲೆಯಾಗಿ ಕಾಣುತ್ತದೆ. ಬರೆಯಬೇಕಾದ್ದು ಎರಡೇ ಸಾಲು: ಇಂಥವರ ತಾಯಿಯವರ ನಿಧನಕ್ಕೆ ನಮ್ಮ ಸಂತಾಪ, ಕೆಳಗೆ ನಿಮ್ಮ ತಂಡದ ಹೆಸರು. ತಾಯಿಯ ಹೆಸರನ್ನು ಮನೆಯವರೇ ಪ್ರಕಟಿಸಿದ್ದರೆ ಮಾತ್ರ ಬರೆಯಿರಿ, ಅವರು ಬರೆದ ಕಾಗುಣಿತದಲ್ಲೇ.

ಇನ್ನು ಶೋಕ ಸೂಚಿಸಲು ತೋಳಿಗೆ ಕಟ್ಟುವ ಕಪ್ಪು ಪಟ್ಟಿ. ಇದರಲ್ಲೇ ಹೆಚ್ಚು ಎಡವಟ್ಟಾಗುವುದು, ಗಮನವಿಟ್ಟು ಓದು.

ಎರಡೂ ಕಡೆ ಹನ್ನೊಂದು ಹನ್ನೊಂದು, ಹೆಚ್ಚುವರಿ ಆಟಗಾರ್ತಿಯರು ಇಬ್ಬಿಬ್ಬರು, ಅಂಪೈರ್ ಇಬ್ಬರು, ಸ್ಕೋರರ್ ಇಬ್ಬರು, ಒಟ್ಟು 30. 36 ಇಂಚು ಅಗಲದ ಕಪ್ಪು ಕಾಟನ್ ಪಾಪ್ಲಿನ್ 2 ಮೀಟರ್ ತಗೋ. ಸ್ಯಾಟಿನ್ ರಿಬ್ಬನ್ ಬೇಡ, ಬೆವರಿಗೆ ಜಾರುತ್ತದೆ. ಬಟ್ಟೆ ತಂದ ಕೂಡಲೇ ನೀರಲ್ಲಿ ನೆನೆಸಿ ಹಿಂಡು, ಒದ್ದೆ ಇರುವಾಗಲೇ ಬಿಳಿ ಕರ್ಚೀಫ್ ಒತ್ತಿ ನೋಡು. ಕರ್ಚೀಫ್ ಬೂದಿ ಬಣ್ಣವಾದರೆ ಆ ಬಟ್ಟೆ ಬಣ್ಣ ಬಿಡುತ್ತದೆ ಅಂತ ಅರ್ಥ, ಇನ್ನೂ ಎರಡು ಮೂರು ಸಲ ಜಾಲಿಸು. ಇದನ್ನು ಮಾಡದಿದ್ದರೆ ಹತ್ತು ಓವರಾಗುವಷ್ಟರಲ್ಲಿ ಎಲ್ಲರ ಬಿಳಿ ತೋಳಿನ ಮೇಲೂ ಕಪ್ಪು ಇಳಿದಿರುತ್ತದೆ. ಒಣಗಿಸಿ ಇಸ್ತ್ರಿ ಮಾಡಿದ ಮೇಲೆ ಅಡ್ಡಕ್ಕೆ 4 ಇಂಚಿನ ಪಟ್ಟಿಗಳಾಗಿ ಕತ್ತರಿಸಿದರೆ 19 ಬರುತ್ತವೆ. ಒಂದೊಂದನ್ನೂ ನಡುವೆ ಕತ್ತರಿಸಿದರೆ 18 ಇಂಚು ಉದ್ದದ 38. ಎರಡೂ ಅಂಚನ್ನು ಒಳಮಗ್ಗುಲಿಗೆ ನಡುಗೆರೆಯವರೆಗೆ ಮಡಿಸಿ ಉದ್ದಕ್ಕೂ ಒಂದು ಮಿಷನ್ ಹೊಲಿಗೆ. ಅಗಲ 2 ಇಂಚಾಗುತ್ತದೆ, ನೂಲು ಬಿಚ್ಚಿಕೊಳ್ಳುವುದಿಲ್ಲ.

ಕಟ್ಟುವುದು ಮೊಣಕೈಗೂ ಭುಜಕ್ಕೂ ನಡುವೆ, ಬಟ್ಟೆಯ ತೋಳಿನ ಮೇಲೆ. ಬರೀ ಚರ್ಮದ ಮೇಲೆ ಕಟ್ಟಿದರೆ ಎರಡು ಓವರಿಗೆ ಮೊಣಕೈಗೆ ಇಳಿಯುತ್ತದೆ. ರೂಢಿ ಎಡಗೈ, ಆದರೆ ಬೌಲರ್‌ಗಳಿಗೆ ಚೆಂಡು ಹಾಕದ ಕೈ, ಅಂದರೆ ಎಡಗೈ ಬೌಲರ್‌ಗೆ ಬಲತೋಳು. ಗಂಟು ಹಾಕಬೇಡಿ, ಬಾಲ ಹಾರಾಡುತ್ತದೆ, ಬ್ಯಾಟ್ ಮಾಡುವವಳು ಕಣ್ಣಿಗೆ ಅಡ್ಡ ಬರುತ್ತೆ ಅಂತ ಅಂಪೈರಿಗೆ ಹೇಳಿದರೆ ಅವಳದು ತಪ್ಪಲ್ಲ. ತುದಿಗಳನ್ನು 2 ಇಂಚು ಒಂದರ ಮೇಲೊಂದು ತಂದು, ಉಳಿದದ್ದನ್ನು ಕತ್ತರಿಸಿ, ಕೈಹೊಲಿಗೆ ಹಾಕಿ ಜೋಡಿಸಿ, ಆಮೇಲೆ ತೋಳಿನ ಬಟ್ಟೆಗೆ ಎರಡು ಕಡೆ ಸಣ್ಣ ಹೊಲಿಗೆ ಹಾಕಿ ನಿಲ್ಲಿಸಿ. ಶನಿವಾರ ಸಂಜೆಯೇ ಆಗಬೇಕು. ಸೇಫ್ಟಿ ಪಿನ್ ಬೇಡವೇ ಬೇಡ, ಡೈವ್ ಹೊಡೆದಾಗ ಬಿಚ್ಚಿಕೊಂಡರೆ ಚುಚ್ಚುವುದು ಅವರಿಗೇ. ಎಲಾಸ್ಟಿಕ್ ಬಿಗಿಯಾದರೆ ಬೆರಳು ಜುಮ್ಮೆನ್ನುತ್ತವೆ. ಕರೆಂಟಿನವರ ಕಪ್ಪು ಟೇಪು ಅವಸರಕ್ಕೆ ನಡೆಯುತ್ತದೆ, ಆದರೆ ಬಿಸಿಲಿಗೆ ಅಂಟು ಕರಗಿ ಬಟ್ಟೆಗೆ ಹಿಡಿಯುತ್ತದೆ.

ಎದುರು ತಂಡದ ಕ್ಯಾಪ್ಟನ್‌ಗೂ ಅಂಪೈರ್‌ಗಳಿಗೂ ಶನಿವಾರವೇ ಹೇಳು. ನಿಮ್ಮದು ಊರ ಪಂದ್ಯ, ಬೇಡ ಅನ್ನುವವರು ಯಾರೂ ಇಲ್ಲ, ಆದರೂ ಕೇಳುವುದು ಕ್ರಮ. ಅಂತಾರಾಷ್ಟ್ರೀಯ ಪಂದ್ಯದಲ್ಲಾದರೆ ಅನುಮತಿ ಇಲ್ಲದೆ ಕಟ್ಟುವ ಹಾಗಿಲ್ಲ. 2023ರ ಡಿಸೆಂಬರ್‌ನಲ್ಲಿ ಪರ್ತ್ ಟೆಸ್ಟ್‌ನಲ್ಲಿ ಕಟ್ಟಿದ್ದಕ್ಕೆ ಆಸ್ಟ್ರೇಲಿಯಾದ ಉಸ್ಮಾನ್ ಖ್ವಾಜಾಗೆ ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) ವಾಗ್ದಂಡನೆ ವಿಧಿಸಿತು. ಕ್ರಮವಾಗಿ ನಡೆದದ್ದೂ ಇದೆ: ಅದೇ ವರ್ಷ ಮಾರ್ಚ್‌ನಲ್ಲಿ ಅಹಮದಾಬಾದ್ ಟೆಸ್ಟ್ ನಡೆಯುತ್ತಿರುವಾಗ ಆಸ್ಟ್ರೇಲಿಯಾ ನಾಯಕ ಪ್ಯಾಟ್ ಕಮಿನ್ಸ್ ಅವರ ತಾಯಿ ಸಿಡ್ನಿಯಲ್ಲಿ ತೀರಿಕೊಂಡರು. ಕಮಿನ್ಸ್ ಆಗಲೇ ಊರಿಗೆ ಹೋಗಿದ್ದರು. ಎರಡನೇ ದಿನ ಇಡೀ ಆಸ್ಟ್ರೇಲಿಯಾ ತಂಡ ಕಪ್ಪು ಪಟ್ಟಿ ಕಟ್ಟಿ ಇಳಿಯಿತು, ಆಟ ಎಂದಿನಂತೆ ನಡೆಯಿತು. ಅಷ್ಟೇ ಸಾಕು.

ಒಂದು ನಿಮಿಷದ ಮೌನ ಟಾಸ್ ಆದ ಮೇಲೆ, ಆಟಗಾರ್ತಿಯರು ತಮ್ಮ ತಮ್ಮ ಜಾಗಕ್ಕೆ ಚದುರುವ ಮುಂಚೆ. ಎರಡೂ ತಂಡ ಬೌಂಡರಿ ಗೆರೆಯ ಮೇಲೆ, ಪ್ರೇಕ್ಷಕರ ಕಡೆಗೆ ಮುಖ ಮಾಡಿ ಒಂದೇ ಸಾಲು. ಮೈಕಿನಲ್ಲಿ ಹೇಳುವುದು ಇಷ್ಟೇ ಇರಲಿ: “ಆಟ ಆರಂಭಿಸುವ ಮುನ್ನ, ಇಂಥವರ ತಾಯಿಯವರ ನಿಧನಕ್ಕೆ ಸಂತಾಪ ಸೂಚಿಸಿ ಒಂದು ನಿಮಿಷ ಮೌನ ಆಚರಿಸೋಣ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ, ಟೋಪಿ ತೆಗೆಯಿರಿ. ಅಂಪೈರ್ ಸೀಟಿಯಿಂದ ಆರಂಭ, ಸೀಟಿಯಿಂದಲೇ ಮುಕ್ತಾಯ.” ಇದನ್ನು ಕಾಗದದಲ್ಲಿ ಬರೆದು ಕಾಮೆಂಟ್ರಿ ಹೇಳುವ ಹುಡುಗನ ಕೈಗೆ ಕೊಡಿ. ಬಾಯಿಗೆ ಬಂದಂತೆ ಹೇಳಲು ಬಿಟ್ಟರೆ ಆಕೆಯ ಸ್ಕೋರು, ಪ್ರಾಯೋಜಕರ ಹೆಸರು, ವೇದಿಕೆ ಮೇಲಿನ ಗಣ್ಯರು ಎಲ್ಲ ಅದರೊಳಗೇ ಬರುತ್ತಾರೆ.

ಸೀಟಿಗೂ ಕಾರಣವಿದೆ. ನಲವತ್ತನೇ ಸೆಕೆಂಡಿನ ಹೊತ್ತಿಗೆ ಜನ ಮಿಸುಕಾಡುತ್ತಾರೆ, ಯಾರೋ ಒಬ್ಬ ಮುಗಿಯಿತು ಅಂದುಕೊಂಡು ಟೋಪಿ ಹಾಕುತ್ತಾನೆ, ಉಳಿದವರೂ ಹಾಕುತ್ತಾರೆ. ಸೀಟಿಯಿಂದ ಮುಗಿಯುತ್ತದೆ ಅಂತ ಮೊದಲೇ ಗೊತ್ತಿದ್ದರೆ ಕಾಯುತ್ತಾರೆ. ಸ್ಟಾಪ್‌ವಾಚ್ ಅಂಪೈರ್ ಹತ್ತಿರವೇ ಇರಲಿ. ಮೈಕ್‌ಸೆಟ್ಟಿನವರಿಗೆ ಹೇಳಿ ಆ ಒಂದು ನಿಮಿಷ ಆಂಪ್ಲಿಫೈಯರ್‌ನ ವಾಲ್ಯೂಮ್ ಪೂರ್ತಿ ಇಳಿಸಿ, ಇಲ್ಲದಿದ್ದರೆ ಎಲ್ಲರೂ ಸುಮ್ಮನಿರುವಾಗ ಅದರ ಗುಂಯ್‌ಗುಡುವಿಕೆಯೊಂದೇ ಕೇಳುತ್ತಿರುತ್ತದೆ. ತಮಟೆಯವರಿಗೆ, ಪಟಾಕಿ ಇಟ್ಟುಕೊಂಡವರಿಗೆ, ಚುರುಮುರಿ ಗಾಡಿಯವರಿಗೆ ಕಾಲು ಗಂಟೆ ಮುಂಚೆ ಒಬ್ಬೊಬ್ಬರಿಗೂ ಹೋಗಿ ಹೇಳಬೇಕು, ಮೈಕಿನಲ್ಲಿ ಹೇಳಿದ್ದು ಅವರ ಕಿವಿಗೆ ಬೀಳುವುದಿಲ್ಲ. ಮೌನ ಮುಗಿದ ಕೂಡಲೇ ಚಪ್ಪಾಳೆಯೂ ಬೇಡ, ಘೋಷಣೆಯೂ ಬೇಡ. ಮೊದಲ ಓವರ್ ಮುಗಿಯುವ ತನಕ ಬೌಂಡರಿಗೆ ಹಾಡು ಹಾಕಬೇಡಿ.

ಇನ್ನೊಂದು ಮಾತು, ನಿಮ್ಮ ಹುಡುಗಿಯರಿಗೂ ಗಡಿಯಾಚೆ ಕೂರುವ ಹುಡುಗರಿಗೂ. ನಮ್ಮ ಮೈದಾನಗಳ ಬೈಗುಳ ಶುರುವಾಗುವುದೇ ಅಮ್ಮನಿಂದ. ತೋಳಿಗೆ ಪಟ್ಟಿ ಕಟ್ಟಿಕೊಂಡು, ಕ್ಯಾಚ್ ಬಿಟ್ಟವಳಿಗೆ ಆ ಮಾತು ಅಂದರೆ ಹೇಗಿರುತ್ತೆ? ಅವತ್ತಾದರೂ ಬಾಯಿ ಬಿಗಿಹಿಡಿಯಲಿ.

ಆಕೆಗೆ ಬರೆಯುವುದಿದ್ದರೆ ಇಡೀ ಬಳಗದಿಂದ ಒಂದೇ ಕಾಗದ ಸಾಕು. ನೂರು ಜನ ಟ್ಯಾಗ್ ಮಾಡಿ ನೂರು ಸಂದೇಶ ಕಳಿಸಿದರೆ, ಅದರ ನಡುವೆ ಸ್ವಂತ ಚಿಕ್ಕಮ್ಮನ ಸಂದೇಶ ಕಳೆದುಹೋಗುತ್ತದೆ. ಬಿಳಿ ಹಾಳೆ, ಕೈಬರಹ, ನಾಲ್ಕು ಸಾಲು. “ನಿಮ್ಮ ತಾಯಿಯವರು ತೀರಿಕೊಂಡ ಸುದ್ದಿ ತಿಳಿದು ನಮಗೆಲ್ಲ ಬಹಳ ನೋವಾಯಿತು. ನಿಮ್ಮ ಆಟದಿಂದ ನಾವು ಪಟ್ಟ ಸಂತೋಷದಲ್ಲಿ ಅವರ ಪಾಲೂ ಇದೆ. ನಿಮ್ಮ ಮನೆಯವರೆಲ್ಲರ ದುಃಖದಲ್ಲಿ ನಾವೂ ಇದ್ದೇವೆ. ಇದಕ್ಕೆ ಉತ್ತರ ಬರೆಯುವ ಅಗತ್ಯವಿಲ್ಲ.” ಕೊನೆಯ ಸಾಲನ್ನು ಬಿಡಬೇಡ. ಧೈರ್ಯ ತಂದುಕೊಳ್ಳಿ, ಬೇಗ ಮೈದಾನಕ್ಕೆ ಬನ್ನಿ, ಅಮ್ಮನಿಗಾಗಿ ಕಪ್ ಗೆಲ್ಲಿ, ಏನಾಗಿತ್ತು ಅವರಿಗೆ, ಈ ನಾಲ್ಕೂ ಬೇಡ. ‘ಓಂ ಶಾಂತಿ’ಯನ್ನೂ ಯೋಚಿಸಿ ಬರೆಯಿರಿ, ಎಲ್ಲ ಮನೆಯ ಪ್ರಾರ್ಥನೆಯೂ ಒಂದೇ ಅಲ್ಲ. ಕಾಗದವನ್ನು ಮನೆ ವಿಳಾಸಕ್ಕಲ್ಲ, ಚಿನ್ನಸ್ವಾಮಿ ಕ್ರೀಡಾಂಗಣದ ಕೆಎಸ್‌ಸಿಎ ಕಚೇರಿಗೆ, ಆಕೆಯ ಹೆಸರು ಬರೆದು ಸ್ಪೀಡ್ ಪೋಸ್ಟ್ ಮಾಡಿ. ಅಲ್ಲಿಂದ ಯಾವಾಗ ಕೊಡಬೇಕೋ ಆಗ ಕೊಡುತ್ತಾರೆ.

ಮನೆಗೆ ಹೋಗೋಣ ಅನ್ನುವವರೂ ಇರುತ್ತಾರೆ. ಮನೆಯವರು ಇಂಥ ದಿನ ಬನ್ನಿ ಅಂತ ಸಾರ್ವಜನಿಕವಾಗಿ ಹೇಳಿದ್ದರೆ ಮಾತ್ರ. ಮೂರನೇ ದಿನದ ಹಾಲು-ತುಪ್ಪಕ್ಕಂತೂ ಹೋಗಲೇಬೇಡಿ, ಅದು ನೆಂಟರಿಷ್ಟರದು. ಹೋಗುವುದಾದರೆ ನಾಲ್ಕು ಜನ, ಜೆರ್ಸಿ ಹಾಕದೆ, ಫೋನ್ ಗಾಡಿಯಲ್ಲೇ ಬಿಟ್ಟು, ಹತ್ತು ನಿಮಿಷ. ಹೊರಡುವಾಗ ‘ಹೋಗಿ ಬರ್ತೀವಿ’ ಅನ್ನಬಾರದು ಅಂತ ನಿನಗೆ ಗೊತ್ತು, ಉಳಿದ ಮೂವರಿಗೂ ಹೇಳು. ಕೈಯಲ್ಲಿ ಏನಾದರೂ ಒಯ್ಯಬೇಕು ಅನ್ನಿಸಿದರೆ ಹಾರ ಅಲ್ಲ. ಅಂಥ ಮನೆಯಲ್ಲಿ ದಿನಕ್ಕೆ ನೂರು ಜನ ಬಂದು ಹೋಗುತ್ತಾರೆ, ಕಾಫಿ ಕಾಯಿಸಿ ಕಾಯಿಸಿ ಪಕ್ಕದ ಮನೆಯವರು ಸೋತಿರುತ್ತಾರೆ. ನೂರು ಲೋಟಕ್ಕೆ 7 ಲೀಟರ್ ಹಾಲು, ಅರ್ಧ ಕೆಜಿ ಕಾಫಿಪುಡಿ, 1 ಕೆಜಿ ಸಕ್ಕರೆ, ಜೊತೆಗೆ 20 ಲೀಟರಿನ ಎರಡು ನೀರಿನ ಕ್ಯಾನ್. ಅದನ್ನು ಪಕ್ಕದ ಮನೆಯಲ್ಲೇ ಕೊಟ್ಟು ಬನ್ನಿ.

ಆಕೆ ಯಾವಾಗ ಮತ್ತೆ ಆಡುತ್ತಾಳೆ ಅಂತ ಲೆಕ್ಕ ಹಾಕುವ ಚಾಳಿ ನಿಮ್ಮ ಗುಂಪಿನಲ್ಲಿ ಶುರುವಾಗಿದೆಯಂತಲ್ಲ. ಸಚಿನ್ ಹೆಸರು ಬಂದೇ ಬಂದಿರುತ್ತದೆ: 1999ರ ಮೇ 19ಕ್ಕೆ ತಂದೆ ತೀರಿದರು, ಮೇ 23ಕ್ಕೆ ಬ್ರಿಸ್ಟಲ್‌ನಲ್ಲಿ ಕೀನ್ಯಾ ಮೇಲೆ 140 ನಾಟೌಟ್. ಕೊಹ್ಲಿ ಹೆಸರೂ: 2006ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ, ಅದೂ ನಮ್ಮ ಕರ್ನಾಟಕದ ವಿರುದ್ಧವೇ, ತಂದೆ ಹೋದ ಬೆಳಿಗ್ಗೆ ಬಂದು 90 ರನ್. ಅವರು ಆಡಿದ್ದು ಅವರಿಗೆ ಆಡಬೇಕು ಅನ್ನಿಸಿದ್ದರಿಂದ. ಅದನ್ನು ಅಳತೆಗೋಲು ಮಾಡಿಕೊಂಡು ಇನ್ನೊಬ್ಬಳ ದುಃಖ ಅಳೆಯಬೇಡಿ. ಕಮಿನ್ಸ್ ಆ ಸರಣಿಯ ಉಳಿದ ಟೆಸ್ಟ್‌ಗಳಿಗೆ ಬರಲೇ ಇಲ್ಲ, ಯಾರೂ ಯಾಕೆ ಅನ್ನಲಿಲ್ಲ. ಆಕೆ ಬಂದ ದಿನ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿ. ಅಮ್ಮನ ಫೋಟೋ ಇರುವ ಪ್ಲಕಾರ್ಡ್ ಹಿಡಿದು ಬಂದವರಿದ್ದರೆ ಕೆಳಗಿಳಿಸಲು ಹೇಳು, ಕ್ರೀಸಿಗೆ ಹೋಗುವ ದಾರಿಯಲ್ಲಿ ಅದು ಕಣ್ಣಿಗೆ ಬಿದ್ದರೆ ಮೊದಲ ಚೆಂಡು ಕಾಣುವುದಿಲ್ಲ.

ಪಾಪ್ಲಿನ್ ನಾಳೆಯೇ ತಗೋ, ನಾಡಿದ್ದಿಗೆ ಇಟ್ಟರೆ ಒಣಗುವುದಿಲ್ಲ, ನಿಮ್ಮಲ್ಲಿ ಮೋಡ ಇದೆ ಅಂದೆ. ಹೊಲಿಗೆ ಮಿಷನ್ ಹಾಸ್ಟೆಲ್‌ನಲ್ಲಿ ಸಿಗದಿದ್ದರೆ ಕತ್ತರಿಸಿದ ಪಟ್ಟಿಗಳನ್ನು ಶುಕ್ರವಾರ ಬೆಳಗಿನ ಬಸ್ಸಿನಲ್ಲಿ ಕಳಿಸು, ನಾನು ಹೊಲಿದು ಸಂಜೆ ಬಸ್ಸಿಗೆ ವಾಪಸ್ ಕೊಡುತ್ತೇನೆ. ಕಪ್ಪು ದಾರದ ಉಂಡೆ ಒಂದು ಜೊತೆಗಿಡು, ಮನೆಯಲ್ಲಿರುವುದು ಮುಗಿದಿದೆ.

ನಿನ್ನ
ಅಮ್ಮ