ಮ್ಯಾಂಚೆಸ್ಟರಿಗೆ ಹೊರಟ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮ್ಯಾಂಚೆಸ್ಟರಿನಲ್ಲಿ ಸೀಟು ಸಿಕ್ಕಿತು ಅಂತ ನಿಮ್ಮಪ್ಪ ಫೋನ್ ಮಾಡಿದ್ದ. ಕುಕ್ಕರು, ಚಟ್ನಿಪುಡಿ ಎಲ್ಲ ನಿಮ್ಮಮ್ಮ ಕಟ್ಟಿಕೊಡುತ್ತಾಳೆ. ನಾನು ಊರಿನ ಬಗ್ಗೆ ಮಾತ್ರ ಹೇಳುತ್ತೇನೆ.

ಹೋದ ಕೂಡಲೇ ಗೆಳೆಯರು ನಿನ್ನನ್ನು ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಎಳೆದುಕೊಂಡು ಹೋಗುತ್ತಾರೆ. ಹೋಗು, ಬೇಡ ಅನ್ನಲ್ಲ. ಆದರೆ ಮೊದಲ ರಜೆ ಸಿಕ್ಕಾಗ ಆನ್‌ಕೋಟ್ಸ್ ಕಡೆ ನಡೆದು ಬಾ. ಅಲ್ಲಿ ರೋಚ್‌ಡೇಲ್ ಕಾಲುವೆಯ ಪಕ್ಕ ಮರ್ರೇಸ್ ಮಿಲ್ಸ್ ಇದೆ, 1798ರಲ್ಲಿ ಕಟ್ಟಲು ಶುರು ಮಾಡಿದ್ದು, ಹಬೆ ಯಂತ್ರದಿಂದ ಹತ್ತಿ ನೂಲು ತೆಗೆಯುತ್ತಿದ್ದ ಮಿಲ್ಲು. ಬರೀ ಕೆಂಪು ಇಟ್ಟಿಗೆ, ಸಾಲು ಸಾಲು ಕಿಟಕಿ, ಒಂದು ಹೂವು ಬಳ್ಳಿಯ ಕೆತ್ತನೆ ಕೂಡ ಇಲ್ಲ. ಈಗ ಒಳಗೆ ಫ್ಲಾಟುಗಳಾಗಿವೆ.

ಅಲ್ಲಿಂದ ನೇರ ಪೋರ್ಟ್‌ಲ್ಯಾಂಡ್ ಸ್ಟ್ರೀಟಿಗೆ ಬಾ. ವಾಟ್ಸ್ ವೇರ್‌ಹೌಸ್ ಅಂತ 1856ರ ಕಟ್ಟಡ, ಈಗ ಹೋಟೆಲ್. ನೋಡಿದರೆ ಯಾವನೋ ರಾಜನ ಅರಮನೆ ಅನ್ನಬೇಕು, ಒಂದೊಂದು ಅಂತಸ್ತಿಗೆ ಒಂದೊಂದು ದೇಶದ ಶೈಲಿ. ಅಸಲಿಗೆ ಅದು ಬಟ್ಟೆಯ ಗೋದಾಮು! ಕೊಳ್ಳುವ ವ್ಯಾಪಾರಿ ಬರುವ ಕಡೆ ಅರಮನೆ, ಕೂಲಿಯವರು ದುಡಿಯುವ ಕಡೆ ಬೋಳು ಗೋಡೆ. ಎರಡನ್ನೂ ಒಂದೇ ದಿನ ನೋಡು, ಆಗ ಆ ಊರು ಅರ್ಥವಾಗುತ್ತದೆ.

ಅಲ್ಲೇ ಯಾಕೆ ಇಷ್ಟು ಮಿಲ್ಲು ಅಂತ ಕೇಳುತ್ತೀಯ. ಗಾಳಿಯಲ್ಲಿ ತೇವ ಜಾಸ್ತಿ, ನೂಲು ಬೇಗ ಹರಿಯಲ್ಲ. ನಿನಗೆ ಬೇಜಾರು ತರುವ ಆ ಜಿಟಿಜಿಟಿ ಮಳೆಯೇ ಅವರ ಬಂಡವಾಳ ಅನ್ನು. 1761ರಲ್ಲಿ ಬ್ರಿಡ್ಜ್‌ವಾಟರ್ ಕಾಲುವೆ ಬಂದು ಕಲ್ಲಿದ್ದಲು ಅಗ್ಗವಾಯಿತು, 1830ರಲ್ಲಿ ಲಿವರ್‌ಪೂಲಿಗೆ ರೈಲು ಬಂತು. ಆಮೇಲೆ ಲಿವರ್‌ಪೂಲ್ ಬಂದರಿನವರ ಸುಂಕ ಕೊಟ್ಟು ಸಾಕಾಗಿ, 1894ರ ಹೊತ್ತಿಗೆ ಸುಮಾರು 58 ಕಿ.ಮೀ. ಕಾಲುವೆ ತೋಡಿ ಹಡಗನ್ನೇ ಊರೊಳಗೆ ತಂದುಕೊಂಡರು. ಹಟ ಅಂದರೆ ಹಾಗಿರಬೇಕು ನೋಡು.

ಲಿಂಕನ್ ಸ್ಕ್ವೇರಿನಲ್ಲಿ ಅಬ್ರಹಾಂ ಲಿಂಕನ್ ಪ್ರತಿಮೆ ಇದೆ. ಸುಮ್ನೆ ಸೆಲ್ಫಿ ತೆಗೆದು ಬರಬೇಡ, ಪೀಠದ ಮೇಲಿನ ಅಕ್ಷರ ಓದು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿ ಬರುವುದು ನಿಂತಿತು, ಮಿಲ್ಲುಗಳು ಮುಚ್ಚಿದವು, ಕೂಲಿಯವರು ಉಪವಾಸ ಬಿದ್ದರು. ಅಂಥದ್ದರಲ್ಲೂ 1862ರ ಡಿಸೆಂಬರ್ 31ಕ್ಕೆ ಫ್ರೀ ಟ್ರೇಡ್ ಹಾಲ್‌ನಲ್ಲಿ ಸಭೆ ಸೇರಿ, ಗುಲಾಮಗಿರಿ ಹೋಗಲಿ, ನಾವು ನಿಮ್ಮ ಕಡೆ ಅಂತ ಲಿಂಕನ್‌ಗೆ ಬರೆದರು. ಅವನು ಜನವರಿಯಲ್ಲಿ ಉತ್ತರ ಬರೆದ, ಅದರ ಸಾಲುಗಳೇ ಅಲ್ಲಿರುವುದು. ಮ್ಯಾಂಚೆಸ್ಟರ್ ಸೇರಿದ ಲ್ಯಾಂಕಾಶೈರ್ ಸೀಮೆಯಲ್ಲಿ ಎಲ್ಲರೂ ಹಾಗಿರಲಿಲ್ಲ, ಗುಲಾಮಗಿರಿ ಬಿಡಲೊಪ್ಪದ ಅಮೆರಿಕದ ದಕ್ಷಿಣದ ರಾಜ್ಯಗಳ ಪರ ನಿಂತವರೂ ಇದ್ದರು, ಅದನ್ನೂ ತಿಳಿದಿರು.

ಅದೇ ಹೊತ್ತಿಗೆ ಆ ಮಿಲ್ ಮಾಲೀಕರ ಕಣ್ಣು ನಮ್ಮ ಧಾರವಾಡ ಸೀಮೆ ಮೇಲೆ ಬಿತ್ತು. ಇಲ್ಲಿ ಮೊದಲೇ ಅಮೆರಿಕದ ತಳಿಯ ಹತ್ತಿ ಬೆಳೆಯುತ್ತಿದ್ದರು, ಬೆಲೆ ಗಗನಕ್ಕೇರಿತು. ಅಂಡಿಗೆಗಳನ್ನು ಸಾಗಿಸಲು ಕಾರವಾರ ಬಂದರನ್ನು ಬೆಳೆಸಬೇಕು ಅಂತ ಮ್ಯಾಂಚೆಸ್ಟರಿನವರೇ ಒತ್ತಾಯ ಹಾಕಿದರು. 1865ಕ್ಕೆ ಯುದ್ಧ ಮುಗಿಯಿತು, ಬೆಲೆಯೂ ಇಳಿಯಿತು. ಅಲ್ಲಿನವರು ಯಾರಾದರೂ ಕರ್ನಾಟಕ ಎಲ್ಲಿದೆ ಅಂತ ಕೇಳಿದರೆ ಈ ಕಥೆಯಿಂದಲೇ ಶುರು ಮಾಡು.

ಹಿಂದೆ ಹತ್ತಿ ವ್ಯಾಪಾರ ನಡೆಯುತ್ತಿದ್ದ ರಾಯಲ್ ಎಕ್ಸ್‌ಚೇಂಜ್ ಕಟ್ಟಡದಲ್ಲಿ ಈಗ ನಾಟಕ ಆಡುತ್ತಾರೆ. ಒಳಗೆ ಹೋದಾಗ ತಲೆ ಎತ್ತಿ ಬೋರ್ಡ್ ನೋಡು, 1968ರಲ್ಲಿ ವ್ಯಾಪಾರ ನಿಂತ ದಿನದ ಹತ್ತಿ ದರ ಹಾಗೇ ಇಟ್ಟಿದ್ದಾರೆ. ಒಂದು ಫೋಟೋ ತೆಗೆದು ಕಳಿಸು, ಹುಬ್ಬಳ್ಳಿಯ ಹತ್ತಿ ದಲಾಲಿ ಗೆಳೆಯರಿಗೆ ತೋರಿಸಬೇಕು. ಮತ್ತೆ, ಛತ್ರಿ ನೆಚ್ಚಬೇಡ, ತಲೆಗೆ ಟೊಪ್ಪಿಗೆ ಇರುವ ಜಾಕೆಟ್ ತಗೋ.

ನಿನ್ನ ದೊಡ್ಡಪ್ಪ