ಭಾನುವಾರದ ಲಾಂಗ್ ರನ್: ಅನ್ನ ಬಿಟ್ಟಿರೋರು ಓದಿ
ಎಲ್ರಿಗೂ ನಮಸ್ಕಾರ, ಗುಂಪಲ್ಲಿ ಕೆಲವ್ರು ಅನ್ನ ಮುದ್ದೆ ಎಲ್ಲಾ ಬಿಟ್ಟು ಕೀಟೋ (ಅನ್ನ ಮುದ್ದೆ ಥರದ್ದು ತೀರಾ ಕಮ್ಮಿ, ಕೊಬ್ಬು ಜಾಸ್ತಿ ಇರೋ ಡಯಟ್) ಶುರು ಮಾಡಿದೀರ, ಆಮೇಲೆ ಕಬ್ಬನ್ ಪಾರ್ಕಲ್ಲಿ ಎರಡನೇ ಸುತ್ತಿಗೇ ಕಾಲು ಏಳ್ತಿಲ್ಲ ಅಂತ ಮೆಸೇಜ್ ಹಾಕ್ತೀರ. ಏಳಲ್ಲ ಕಣ್ರೀ! ಸ್ಪೀಡಾಗಿ ಓಡೋವಾಗ ಸ್ನಾಯು ಕೇಳೋದು ಗ್ಲೈಕೋಜನ್ನು (ಅನ್ನ ಮುದ್ದೆಯಿಂದ ಬಂದು ಮೈಯಲ್ಲಿ ಕೂಡಿಟ್ಟಿರೋ ಸಕ್ಕರೆ), ಅಷ್ಟೇ ಎನರ್ಜಿ ಕೊಬ್ಬಿಂದ ತೆಗೀಬೇಕಂದ್ರೆ ಆಕ್ಸಿಜನ್ ಜಾಸ್ತಿ ಬೇಕು, ಅದಕ್ಕೇ ಹಳೇ ಪೇಸಲ್ಲೇ ಏದುಸಿರು ಬರೋದು. 2017ರಲ್ಲಿ ಆಸ್ಟ್ರೇಲಿಯಾದವ್ರು ರೇಸ್ ವಾಕರ್‌ಗಳ (ವೇಗದ ನಡಿಗೆ ಸ್ಪರ್ಧಿಗಳ) ಮೇಲೆ ಮಾಡಿದ ಸ್ಟಡಿ ಬಂತಲ್ಲ, ಕೀಟೋ ಮಾಡಿದವ್ರಿಗೆ 3 ವಾರದಲ್ಲಿ ಕೊಬ್ಬೇನೋ ಚೆನ್ನಾಗೇ ಉರೀತು, ಆದ್ರೆ 10 ಕಿ.ಮೀ. ಟೈಮ್ ಸುಧಾರಿಸಿದ್ದು ಕಾರ್ಬ್ (ಅನ್ನ ಮುದ್ದೆ ಥರದ ಪಿಷ್ಟ, ಸಕ್ಕರೆ) ತಿಂದವ್ರದ್ದು ಮಾತ್ರ. ನಿಧಾನಕ್ಕೆ ಜಾಗ್ ಮಾಡೋರಿಗೆ ಇಷ್ಟು ತೊಂದ್ರೆ ಆಗಲ್ಲ ಬಿಡಿ.

ಶನಿವಾರ ರಾತ್ರಿ ಮುದ್ದೆನೋ ಅನ್ನ ಸಾರೋ ಸರಿಯಾಗಿ ತಿಂದು ಬನ್ನಿ, ಬಾಳೆಹಣ್ಣು ನಾನ್ ತರ್ತೀನಿ. ಶುಗರ್ ಮಾತ್ರೆ ತಗೊಳ್ಳೋರು ಡಾಕ್ಟ್ರನ್ನ ಕೇಳ್ದೆ ಏನೂ ಬದಲಾಯಿಸ್ಬೇಡಿ.