ಮಗಳಿಗೊಂದು ಪತ್ರ: ಪಿನಾಕಿನಿಯ ನೀರು

ಮಡಕಶಿರಾ
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ಆಗ ನಿನಗೆ ಏಳೋ ಎಂಟೋ ವರ್ಷ. ನಾಗಲಮಡಿಕೆ ಜಾತ್ರೆಗೆ ಹೋದಾಗ ಪಿನಾಕಿನಿಯ ಮರಳಿನಲ್ಲಿ ಕುಳಿತು ನೀನು ತೆಂಗಿನ ಚಿಪ್ಪಿನಿಂದ ಒರತೆ ತೋಡಿದ್ದೆ. ಮೊಣಕೈ ಮುಳುಗುವಷ್ಟು ಆಳಕ್ಕೆ ಹೋದ ಮೇಲೆ ತಳದಲ್ಲಿ ಒಂದು ಬೊಗಸೆ ನೀರು ಜಿನುಗಿತು. "ಅಮ್ಮಾ, ಈ ನದಿಯಲ್ಲಿ ಎಲ್ಲಿಯಾದರೂ ತುಂಬಾ ನೀರು ಇದೆಯಾ?" ಎಂದು ಕೇಳಿದೆ. "ಇಲ್ಲ, ಇದು ಹೆಸರಿಗಷ್ಟೇ ನದಿ" ಎಂದುಬಿಟ್ಟೆ. ಇವತ್ತು ಕಡಪ ಸೀಮೆಯ ಗಂಡಿಕೋಟೆ ನೋಡಿ ಬಂದೆವು. ಅಂದು ನಾನು ಹೇಳಿದ್ದು ತಪ್ಪು ಮಗಳೇ. ಅದಕ್ಕೇ ಮಲಗುವ ಮೊದಲು ಬರೆಯಲು ಕುಳಿತಿದ್ದೇನೆ.

ಬೆಳಗಿನ ಜಾವ ಮೂರಕ್ಕೆ ಹೊರಟೆವು. ಅನಂತಪುರ ದಾಟಿ ತಾಡಿಪತ್ರಿಯಲ್ಲಿ ಇಡ್ಲಿ ತಿಂದೆವು. ಅಲ್ಲಿಂದಾಚೆ ಎಲ್ಲಿ ನೋಡಿದರೂ ಚಪ್ಪಡಿ ಕಲ್ಲು. ನಮ್ಮ ಅಡುಗೆಮನೆಯ ಕಟ್ಟೆಗೆ ಹಾಸಿದ್ದೇವಲ್ಲ, ಅದೇ ಕಡಪ ಕಲ್ಲು. ಜಮ್ಮಲಮಡುಗಿನಿಂದ ಕೋಟೆಗೆ 15 ಕಿಲೋಮೀಟರ್. ಪೆಮ್ಮಸಾನಿ ನಾಯಕರು ಆಳಿದ ಕೋಟೆ. 1650ರಲ್ಲಿ ಗೋಲ್ಕೊಂಡದ ಮೀರ್ ಜುಮ್ಲಾ ಗೆದ್ದುಕೊಂಡ. ನಿನ್ನ ಅಪ್ಪ ಮಾಧವರಾಯ ದೇವಸ್ಥಾನದ ಕಂಬಗಳ ಮುಂದೆ ನಿಂತವರು ಅಲ್ಲಿಂದ ಕದಲಲಿಲ್ಲ. ನಾನು ಒಬ್ಬಳೇ ಮುಂದೆ ಹೋದೆ.

ಬಂಡೆಯಿಂದ ಬಂಡೆಗೆ ಕಾಲಿಡುತ್ತಾ ಹೋಗುತ್ತಿದ್ದಂತೆ ನೆಲ ಮುಗಿದೇ ಹೋಯಿತು. ಸುಮಾರು 300 ಅಡಿ ಕೆಳಗೆ ಹಸಿರು ನೀರು ಬಳುಕಿ ತಿರುಗಿಕೊಂಡಿದೆ. ಎರಡೂ ಕಡೆ ಕೆಂಪು ಕಲ್ಲು, ಗಾರೆಯಿಲ್ಲದೆ ಪೇರಿಸಿ ಅರ್ಧಕ್ಕೆ ಬಿಟ್ಟ ಗೋಡೆಯ ಹಾಗೆ. ಕೆಲವು ಬಂಡೆಗಳು ಅಂಚಿನಿಂದ ಎಷ್ಟು ಹೊರಗೆ ಚಾಚಿವೆಯೆಂದರೆ ನೋಡಿಯೇ ನನ್ನ ಮೊಣಕಾಲು ಸೋತಿತು. ನಾವು ಬೇಲಿಯ ಕಂಡಿ ಎನ್ನುತ್ತೇವಲ್ಲ, ಆ ಕಂಡಿಯೇ ತೆಲುಗಿನ ಗಂಡಿ. ಎರ್ರಮಲ ಬೆಟ್ಟದಲ್ಲಿ ಈ ಕಂಡಿ ಕೊರೆದದ್ದು ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರಿನ ಮಗ್ಗುಲಲ್ಲಿ ಹಾದು, ನೀನು ಒರತೆ ತೋಡಿದ ಜಾಗವನ್ನು ದಾಟಿ ಬಂದ ಅದೇ ಪಿನಾಕಿನಿ. ಇಲ್ಲಿಯವರು ಪೆನ್ನಾ ಎನ್ನುತ್ತಾರೆ.

ಕಾಣುವ ನೀರೆಲ್ಲ ಪೆನ್ನೆಯದಲ್ಲ, ಶ್ರೀಶೈಲದ ಕಡೆಯಿಂದ ಕೃಷ್ಣೆಯ ನೀರನ್ನೂ ಕಾಲುವೆಯಲ್ಲಿ ಇಲ್ಲಿನ ಜಲಾಶಯಕ್ಕೆ ತರುತ್ತಾರೆ ಎಂದು ಅಲ್ಲಿದ್ದವರೊಬ್ಬರು ಹೇಳಿದರು. ಒಂದು ಗಳಿಗೆ ಮನಸ್ಸು ಸಣ್ಣದಾಯಿತು. ಆದರೆ ಕಾಲುವೆಯ ನೀರು ನಿನ್ನೆ ಮೊನ್ನೆಯದು. ಆ ಕಲ್ಲಿಗೆ ನೂರು ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಅದನ್ನು ಸವೆಸಿದ್ದು ನಮ್ಮ ಹೊಳೆ, ಪ್ರವಾಹದಲ್ಲಿ ಕಲ್ಲು ಮರಳು ಹೊತ್ತು ತಂದು ಉಜ್ಜಿ ಉಜ್ಜಿ. ನೀನು ಚಿಪ್ಪಿನಲ್ಲಿ ತೋಡಿದೆಯಲ್ಲ, ಆ ಮರಳೇ ಅದರ ಉಳಿ. ನಮ್ಮ ಸೀಮೆಗೆ ಮುಂಗಾರೂ ಸರಿಯಾಗಿ ತಲುಪುವುದಿಲ್ಲ, ಹಿಂಗಾರೂ ತಲುಪುವುದಿಲ್ಲ, ನಿಜ. ಆದರೂ ಹೊಳೆ ತಾನಾಗಿಯೇ ಇಷ್ಟು ಬಡವಾಗಲಿಲ್ಲ. ಹೊಳೆಯ ಮೇಲ್ಭಾಗದಲ್ಲಿ ನಾವೆಲ್ಲ ಕೊಳವೆಬಾವಿ ಕೊರೆದೆವು, ಮರಳನ್ನು ಲಾರಿಗಟ್ಟಲೆ ಸಾಗಿಸಿದೆವು. ಇಷ್ಟಾದ ಮೇಲೆ "ಹೆಸರಿಗಷ್ಟೇ ನದಿ" ಎಂದು ಮಗುವಿಗೆ ಹೇಳಿದೆನಲ್ಲ ಎಂದು ಅಂಚಿನಲ್ಲಿ ನಿಂತು ಬಹಳ ಸಂಕಟಪಟ್ಟೆ.

ಹಿಂದಿರುಗುವಾಗ ಬಂಡೆಯ ಮೇಲೊಂದು ಪುಟ್ಟ ಗುಂಡಿ ಕಂಡಿತು. ಊಟದ ತಟ್ಟೆಯಷ್ಟು ಅಗಲ, ಗೇಣುದ್ದ ಆಳ. ಹೋದ ವಾರದ ಮಳೆಯ ನೀರು ಕಾಲು ಭಾಗ ಉಳಿದಿತ್ತು. ಅಂಚಿನ ಸುತ್ತ ಜೇನುನೊಣಗಳು ಸಾಲಾಗಿ ಕುಳಿತು, ಹಿಂಭಾಗವನ್ನು ಮಿಡಿಯುತ್ತಾ ನೀರು ಹೀರುತ್ತಿದ್ದವು. ಹೊಟ್ಟೆ ತುಂಬಿದ್ದು ಹಾರಿದರೆ ಆ ಜಾಗಕ್ಕೆ ಇನ್ನೊಂದು ಬಂದು ಇಳಿಯುತ್ತಿತ್ತು. ಮೇಕೆ ಕಾಯುವ ಮುದುಕ ಬಂದು, ನೊಣಗಳು ಎದ್ದುಹೋಗಲೆಂದು ತಾಳ್ಮೆಯಿಂದ ಕಾದು, ಆಮೇಲೆ ಮರಿಯೊಂದನ್ನು ನೀರಿಗೆ ಬಿಟ್ಟ. ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿದೆ. "ದೊನ" ಎಂದ. ನಾವೂ ದೊಣೆ ಎನ್ನುತ್ತೇವೆ ಎಂದಾಗ ಅವನ ಮುಖ ಅರಳಿತು.

ದೀಪಾವಳಿಗೆ ಬರುತ್ತೀಯಲ್ಲ, ಮತ್ತೊಮ್ಮೆ ಹೋಗೋಣ. ಜಾರದಂಥ ಶೂ ತಾ, ಅಂಚಿನಲ್ಲಿ ತಡೆಗೋಡೆಯಿಲ್ಲ. ಈ ಸಲ ನಾಗಲಮಡಿಕೆಯ ದಾರಿಯಲ್ಲಿ ಹೋಗಿ ಹೊಳೆಯ ಹತ್ತಿರ ಅರ್ಧ ಗಂಟೆ ಇಳಿಯೋಣ. ಒರತೆ ಇನ್ನೂ ಬರುತ್ತದೆಯೇ ನೋಡಬೇಕು. ತೆಂಗಿನ ಚಿಪ್ಪು ನಾನು ತೆಗೆದಿಟ್ಟಿರುತ್ತೇನೆ.

ನಿನ್ನ
ಅಮ್ಮ